ಸಾಲುಮನೆಯ ಕೊನೆಯ ಬಾಗಿಲು

ಕೋಲಾರ
೯ ಡಿಸೆಂಬರ್ ೧೯೩೮

ಲಕ್ಕೂರಿನ ಮಾಳಿಗೆ ಮನೆಯ ಸೊಸೆ ಗಂಗರತ್ನಮ್ಮನವರಿಗೆ, ಮಿಷನ್ ಬೋರ್ಡಿಂಗಿನ ಮೂಲೆ ಮಂಚದ ಶಾಮಲಕ್ಕ ಮಾಡುವ ವಂದನೆಗಳು.

ದೊಡ್ಡ ಮನೆಯವರನ್ನು ಹೀಗೆಯೇ ಸಂಬೋಧಿಸಬೇಕಲ್ಲವೇ ರತ್ನಾ? ಉತ್ತರ ತಡವಾಯಿತೆಂದು ಬೈಯಬೇಡ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಮದುವೆಯ ಗೋಜಿಗಂತೂ ನಾನು ಹೋಗಲಿಲ್ಲ, ಮನೆ ಕಟ್ಟಿ ನೋಡಿದೆ. ಒಂದಲ್ಲ, ಹನ್ನೆರಡು ಮನೆ!

ಹೋದ ವರ್ಷ ಕೆರೆ ಕೆಳಗಿನ ಓಣಿಯಲ್ಲಿ ಇಲಿ ಬಿದ್ದದ್ದು, ಪ್ಲೇಗೆಂದು ಮುನಿಸಿಪಾಲಿಟಿಯವರು ಅಲ್ಲಿಯ ಗುಡಿಸಲುಗಳನ್ನೆಲ್ಲ ಸುಟ್ಟು ಜನರನ್ನು ಮೈದಾನದ ತಟ್ಟಿ ಷೆಡ್ಡುಗಳಿಗೆ ಹಾಕಿದ್ದು ನಿನಗೆ ಬರೆದಿದ್ದೆ. ರೋಗ ಹೋಯಿತು, ಬೇರೆ ಕಡೆ ಮನೆಯಿದ್ದವರು ಹೋದರು. ಏನೂ ಇಲ್ಲದವರು ಅಲ್ಲೇ ಉಳಿದರು. ಸೌದೆ ಮಾರುವವರು, ಗಾಡಿ ಹೊಡೆಯುವವರು, ಬೀಡಿ ಕಟ್ಟುವವರು, ಕಲಾಯಿ ಹಾಕುವ ಎರಡು ಸಾಬರ ಸಂಸಾರ. ನಾನು ವಾರಕ್ಕೆರಡು ಸಲ ಅಲ್ಲಿಗೆ ಔಷಧಿ, ಹಾಲಿನ ಪುಡಿ ಹೊತ್ತುಕೊಂಡು ಹೋಗುತ್ತಿದ್ದೆ. ಮಳೆಗಾಲದಲ್ಲಿ ಒಂದು ಮಗು ನೆನೆದ ಚಾಪೆಯ ಮೇಲೆಯೇ ಹೋಯಿತು. ಇವರಿಗೆ ಮನೆ ಕಟ್ಟಿಸಲೇಬೇಕೆಂದು ನಮ್ಮ ಮಿಷನ್ನಿನ ಮಿಸ್ಸಮ್ಮ ಅಂದೇ ಹಟ ಹಿಡಿದರು. ತಮ್ಮ ದೇಶದ ಚರ್ಚು ಸಭೆಗಳಿಗೆ ದುಡ್ಡಿಗಾಗಿ ಬರೆದೂ ಬರೆದೂ ಬೆರಳು ಸವೆಸಿಕೊಂಡರು. ಚರ್ಚಿನ ಹಿಂದೆ, ಹುಣಿಸೆ ಮರಗಳ ಕೆಳಗೆ, ಈಗ ಸಾಲುಮನೆ ಎದ್ದು ನಿಂತಿದೆ.

ನೀನು ನೋಡಬೇಕು ಕಣೇ. ಗೋಡೆಯೂ ಕಲ್ಲು, ಮೇಲೂ ಚಪ್ಪಡಿ ಕಲ್ಲು. ಬೆಂಕಿ ಸುಡುವುದಿಲ್ಲ, ಮಳೆ ತೋಯಿಸುವುದಿಲ್ಲ. ನೆಲ ಬಾಗಿಲ ಕಡೆಗೆ ಸ್ವಲ್ಪ ಇಳಿಜಾರು. ಒಂದು ಬಿಂದಿಗೆ ನೀರು ಸುರಿದರೆ ಎಲ್ಲೂ ತಡೆಯದೆ ಸರಾಗವಾಗಿ ಆಚೆ ಹರಿಯುತ್ತದೆ, ಕಸ ನಿಲ್ಲುವುದಿಲ್ಲ. ನಮ್ಮ ಬೋರ್ಡಿಂಗಿನ ಹಾಗೆಯೇ. ದೀಕ್ಷಾಸ್ನಾನ ಮಾಡಿಸಿಕೊಂಡು ಕ್ರಿಸ್ತರಾಗಬೇಕೆಂಬ ಷರತ್ತು ಇಲ್ಲ. ಅದನ್ನು ಮಿಸ್ಸಮ್ಮ ಷೆಡ್ಡಿನಲ್ಲೇ ನಿಂತು ಎಲ್ಲರ ಮುಂದೆ ಹೇಳಿದ್ದಾರೆ.

ಯುಗಾದಿಗೆ ಮೊದಲು ಷೆಡ್ಡುಗಳನ್ನು ಕಿತ್ತುಹಾಕುತ್ತಾರಂತೆ. ಅಷ್ಟರೊಳಗೆ ಜನ ಬಂದು ಸೇರದಿದ್ದರೆ ಸಾಲುಮನೆಯನ್ನು ಗೋದಾಮು ಮಾಡಬೇಕೆಂದು ಮಿಷನ್ ಕಮಿಟಿಯಲ್ಲಿ ಕೆಲವರು ಆಗಲೇ ಗೊಣಗುತ್ತಿದ್ದಾರೆ. ಗೊಣಗಲಿ ಬಿಡು. ಹೊಸ ವರ್ಷದ ದಿನ ಬಾಗಿಲು ತೆರೆಯುತ್ತೇವೆ.

ನಿನ್ನ
ಶಾಮಲಕ್ಕ

•

ಲಕ್ಕೂರು
೩೦ ಡಿಸೆಂಬರ್ ೧೯೩೮

ಪ್ರೀತಿಯ ಶಾಮಲಕ್ಕ,

ನಿನ್ನ ಕಾಗದ ಓದಿ ನಗು ಬಂತು, ಆಮೇಲೆ ಅಳುವೂ ಬಂತು. ಇನ್‌ಫ್ಲುಯೆಂಜಾ ವರ್ಷ ಅಪ್ಪ ಅಮ್ಮನನ್ನು ಕಳೆದುಕೊಂಡು ಬೋರ್ಡಿಂಗಿಗೆ ಬಂದ ದಿನ, ಸಾಲು ಮಂಚಗಳ ಮಧ್ಯೆ ನಿಂತು 'ನನ್ನ ಮಂಚ ಯಾವುದು' ಎಂದು ಕೇಳಿದ್ದೆನಲ್ಲ? 'ಎಲ್ಲವೂ ಎಲ್ಲರದು' ಎಂದಿದ್ದೆ ನೀನು. ಈಗ ಅದೇ ಹುಡುಗಿ ಊರಿಗೆಲ್ಲ ಮನೆ ಹಂಚುತ್ತಿದ್ದಾಳೆ ನೋಡು.

ಇಲ್ಲಿ ಕ್ರಿಸ್ಮಸ್ ಚೆನ್ನಾಗಿ ಆಯಿತು. ಅತ್ತೆ ಇಲ್ಲದ ಮೊದಲ ಹಬ್ಬ. ದೀಪಾವಳಿಗೆ ಮುಂಚೆ ಅವರು ತೀರಿಹೋದಾಗಿನಿಂದ ಮನೆಯಲ್ಲಿ ಮಾತು ಕಡಿಮೆ. ಮೈದುನರಿಬ್ಬರೂ ಅವರವರ ಸಂಸಾರ ನೋಡಿಕೊಳ್ಳುತ್ತಾರೆ. ನನಗೆ ಮಿಷನ್ ಶಾಲೆಯ ಮಕ್ಕಳಿದ್ದಾರೆ, ಅವರಿಗೆ ಕಲಿಸುವುದರಲ್ಲೇ ದಿನ ಹೋಗುತ್ತದೆ. ನಮ್ಮ ಯಜಮಾನರು ಇದ್ದಾಗ ಕುಳಿತು ಪಾಠ ಹೇಳುತ್ತಿದ್ದ ಅದೇ ಕುರ್ಚಿ. ಚಳಿ ಈ ವರ್ಷ ಹೆಚ್ಚು. ಮಲಗಿದಲ್ಲೇ ಹಂಚಿನ ಸಂದಿಯಿಂದ ನಕ್ಷತ್ರಗಳು ಕಾಣುತ್ತವೆ, ಎಣಿಸುತ್ತಾ ನಿದ್ದೆ ಹೋಗುತ್ತೇನೆ.

ಇನ್ನು ಮುಂದೆ ಶಾಲೆಯ ವಿಳಾಸಕ್ಕೇ ಬರೆ. ಟಪಾಲಿನವನು ಮೊದಲು ಅಲ್ಲಿಗೆ ಬರುತ್ತಾನೆ.

ಹೊಸ ಮನೆಯ ಸಡಗರವೆಲ್ಲ ಬಿಡದೆ ಬರೆ.

ನಿನ್ನ ತಂಗಿ
ರತ್ನ

•

ಕೋಲಾರ
೨೪ ಜನವರಿ ೧೯೩೯

ರತ್ನಾ,

ಸಡಗರ ಕೇಳಿದೆಯಲ್ಲ, ಕೇಳು. ಒಬ್ಬರೂ ಬರಲಿಲ್ಲ.

ಬರಲಿಲ್ಲವೆಂದರೆ, ಹೊಸ ವರ್ಷದ ದಿನ ಎಲ್ಲರೂ ಬಂದರು. ಗೋಡೆ ತಟ್ಟಿ ನೋಡಿದರು, ಮೇಲೆ ನೋಡಿದರು, ಹೊಗಳಿದರು. ಪೊಂಗಲ್ ತಿಂದರು. ತಿಂದು ಕೈ ತೊಳೆದು ಷೆಡ್ಡಿಗೆ ವಾಪಸ್ಸು ಹೋದರು! ಯಾಕೆಂದರೆ ಧನುರ್ಮಾಸವಂತೆ, ಹೊಸ ಮನೆ ಸೇರಬಾರದಂತೆ. ಆಗಲಿ ಎಂದು ಸಂಕ್ರಾಂತಿವರೆಗೆ ಕಾದೆ. ಸಂಕ್ರಾಂತಿ ಕಳೆಯಿತು. ಈಗ ಒಬ್ಬಳಿಗೆ ನಾದಿನಿ ಬರಬೇಕಂತೆ, ಇನ್ನೊಬ್ಬನಿಗೆ ಎತ್ತಿಗೆ ಹುಷಾರಿಲ್ಲವಂತೆ. ಕಲಾಯಿ ಜಾನ್ ಪಾಷಾನಿಗೆ ಧನುರ್ಮಾಸವೂ ಇಲ್ಲ, ಎತ್ತೂ ಇಲ್ಲ. ಅವನೂ 'ನಾಳೆ ನೋಡ್ತೀನಮ್ಮಾ' ಎನ್ನುತ್ತಾನೆ. ಒಂದು ಸಂಸಾರವಂತೂ ನಾಳೆಗೂ ಕಾಯದೆ ಚಿನ್ನದ ಗಣಿಗೆ ಕೂಲಿಗೆ ಹೊರಟೇಹೋಯಿತು.

ನನಗೆ ಮೈಯೆಲ್ಲ ಉರಿಯುತ್ತದೆ. ಮತಕ್ಕೆ ಸೇರಿಸುತ್ತೇವೆಂಬ ಭಯವೇ ಎಂದು ನೇರವಾಗಿ ಕೇಳಿದೆ. ಸೌದೆ ಮಾರುವ ಕೊಂಡಮ್ಮ ಇವರೆಲ್ಲರಿಗೂ ಹಿರಿಯಳು. ಸತ್ತ ಆ ಮಗು ಅವಳ ಮೊಮ್ಮಗು. ಅವಳು ನಕ್ಕು, "ನೀನು ಯಾರ್ನೂ ಏನೂ ಮಾಡಲ್ಲ ಅಂತ ಗೊತ್ತಮ್ಮಾ. ಮನೆ ಚೆನ್ನಾಗೈತೆ. ಆಸ್ಪತ್ರೆ ಇದ್ದಂಗೈತೆ" ಎಂದಳು. ಇದು ಹೊಗಳಿಕೆಯೋ ತೆಗಳಿಕೆಯೋ ತಿಳಿಯಲಿಲ್ಲ.

ಪಾಪ, ಅವಳಿಗೆ ಮಂಡಿ ನೋವಿರಬೇಕು. ಅಂದು ಬಾಗಿಲಲ್ಲಿ ಬಲಗಾಲನ್ನು ಎತ್ತರಕ್ಕೆ ಎತ್ತಿದಳು. ಕೆಳಗೆ ನೋಡಿದಳು. ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟವರ ಹಾಗೆ ಮುಗ್ಗರಿಸಿ, ಕಾಲು ಹಿಂದಕ್ಕೆ ತೆಗೆದುಕೊಂಡಳು. ಆಮೇಲೆ ಒಳಗೆ ಬರಲೇ ಇಲ್ಲ. ಆಚೆಯೇ ನಿಂತು ಪೊಂಗಲ್ ತಿಂದಳು.

ಕಮಿಟಿಯವರಿಗೆ ಗೋದಾಮಿನ ಬೀಗ ಕಣ್ಣ ಮುಂದೆ ಬಂದಿದೆ. ಮಿಸ್ಸಮ್ಮ ದಿನಾ ಸಂಜೆ ಹೋಗಿ ಖಾಲಿ ಮನೆಗಳನ್ನು ನೋಡಿ ಬರುತ್ತಾರೆ. ಇವರೆಲ್ಲ ಬರುತ್ತಾರೆಂದು ಅವರಿಗೆ ಮಾತು ಕೊಟ್ಟವಳು ನಾನು. ನಿನ್ನ ಬುದ್ಧಿಗೆ ಏನಾದರೂ ಹೊಳೆದರೆ ಬರೆ.

ಶಾಮಲಕ್ಕ

•

ಲಕ್ಕೂರು
೧ ಫೆಬ್ರವರಿ ೧೯೩೯

ಅಯ್ಯೋ ನನ್ನ ಪೆದ್ದು ಅಕ್ಕಾ,

ಕೊಂಡಮ್ಮನ ಮಂಡಿಗೆ ಎಣ್ಣೆ ಹಚ್ಚಲು ಹೋಗಬೇಡ. ಅವಳ ಮಂಡಿ ಗಟ್ಟಿಯಾಗಿದೆ. ಅವಳು ಕಾಲೆತ್ತಿದ್ದು ಹೊಸ್ತಿಲು ದಾಟಲು. ನೀವು ಹೊಸ್ತಿಲೇ ಇಟ್ಟಿಲ್ಲವಲ್ಲ!

ನೀರು ತಡೆಯದೆ ಹರಿಯುತ್ತದೆ ಎಂದು ಬರೆದಾಗಲೇ ನನಗೆ ಹೊಳೆಯಬೇಕಿತ್ತು. ನಿನ್ನ ತಪ್ಪಲ್ಲ. ಬೋರ್ಡಿಂಗಿನಲ್ಲಿ ಹೊಸ್ತಿಲೆಲ್ಲಿತ್ತು? ಅಡುಗೆ ಕೋಣೆಯಿಂದ ಪ್ರಾರ್ಥನೆ ಕೋಣೆಯವರೆಗೆ ಒಂದೇ ನೆಲ. ನನಗೂ ಗೊತ್ತಿರಲಿಲ್ಲ. ಮದುವೆಯಾಗಿ ಇಲ್ಲಿಗೆ ಬಂದ ದಿನ ಕಾಲಿಗೆ ಜೋಡು ಹಾಕಿಕೊಂಡು ಹೊಸ್ತಿಲ ಮೇಲೆಯೇ ನೆಟ್ಟಗೆ ನಿಂತುಬಿಟ್ಟೆ. ನಮ್ಮತ್ತೆ ಮುನಿಯಲ್ಲಮ್ಮ, "ಇಳಿಯೇ, ಇಳಿಯೇ! ಅದು ನಿಂತ್ಕೊಳ್ಳೋ ಜಾಗ ಅಲ್ಲ, ದಾಟೋ ಜಾಗ" ಎಂದು ಕೂಗಿದರು. ನೆಂಟರೆಲ್ಲ ನಕ್ಕರು. ನಾನು ಅತ್ತುಬಿಟ್ಟೆ.

ಆಮೇಲೆ ಕಲಿತೆ. ಅತ್ತೆ ಮೂರು ತಲೆಮಾರಿನ ಕ್ರಿಸ್ತರು, ಪೂಜೆ ಮಾಡುತ್ತಿರಲಿಲ್ಲ. ಆದರೂ ಬೆಳಿಗ್ಗೆ ಎದ್ದವರು ಯಾರ ಮುಖವನ್ನೂ ನೋಡುವ ಮೊದಲು ಹೊಸ್ತಿಲು ತೊಳೆಯುತ್ತಿದ್ದರು. ಅದರ ಮೇಲೆ ಕೂತು ಉಣ್ಣಬಾರದು. ಅದರ ಆಚೆ ಈಚೆ ನಿಂತು ಕೊಟ್ಟು ತೆಗೆದುಕೊಳ್ಳಬಾರದು. ಕೊಡುವುದಿದ್ದರೆ ಒಳಗೆ ಕರೆದು ಕೊಡಬೇಕು. ಅಂಬೆಗಾಲಿಡುವ ಮಗು ಮೊದಲ ಸಲ ಅದನ್ನು ದಾಟಿದರೆ ಓಣಿಗೆಲ್ಲ ಸಿಹಿ ಹಂಚುತ್ತಾರೆ. ಅದರ ಈಚೆ ಬೈದರೂ ನಮ್ಮವರು, ಆಚೆ ಹೊಗಳಿದರೂ ಊರವರು. ಅದಿಲ್ಲದ ಕಟ್ಟಡ ದನಕ್ಕಾಗುತ್ತದೆ, ಗಾಡಿ ನಿಲ್ಲಿಸಲಾಗುತ್ತದೆ, ಹೆಣ ಇಡಲಾಗುತ್ತದೆ. ಸಂಸಾರ ಹೂಡಲಾಗುವುದಿಲ್ಲ. ಇದನ್ನು ಅವರು ಬಾಯಿಬಿಟ್ಟು ಹೇಗೆ ಹೇಳಿಯಾರು? ಸುಮ್ಮನೆ ಕೊಟ್ಟ ಮನೆಯಲ್ಲಿ ಕೊರತೆ ಹುಡುಕಿದರು ಎನ್ನಿಸಿಕೊಳ್ಳಬೇಕಲ್ಲ.

ನಮ್ಮ ಮನೆಯ ಹೊಸ್ತಿಲು ಮತ್ತಿ ಮರದ್ದು. ಎಡಗಡೆ ಒಂದು ಗಂಟಿದೆ, ಎಷ್ಟು ಸವೆದರೂ ಅದು ಸವೆದಿಲ್ಲ. ಬರಿಗಾಲಿನ ಹೆಬ್ಬೆರಳಿಗೆ ತಾಕುತ್ತದೆ. ನಮ್ಮ ಯಜಮಾನರನ್ನು ಹೊತ್ತುಕೊಂಡು ಹೋದ ದಿನ ನಾನು ಆ ಗಂಟನ್ನೇ ನೋಡುತ್ತಿದ್ದೆ. ಸಂಜೆ ಬಿಸಿಲು ಒಳಗೆ ಬರುವ ಮೊದಲು ಅದರ ಮೇಲೆ ಸ್ವಲ್ಪ ಹೊತ್ತು ಕುಳಿತಿರುತ್ತದೆ. ಈಗಲೂ ಬಂದು ಕುಳಿತಿರುತ್ತದೆ ಎಂದುಕೊಳ್ಳುತ್ತೇನೆ.

ಎಷ್ಟೊಂದು ಬರೆದುಬಿಟ್ಟೆ! ಹೊಸ್ತಿಲಿಡಿಸು ಅಕ್ಕ. ಬರುತ್ತಾರೆ.

ರತ್ನ

•

ಕೋಲಾರ
೯ ಫೆಬ್ರವರಿ ೧೯೩೯

ನನ್ನ ಜಾಣೆ ರತ್ನಾ,

ನಿನ್ನ ಕಾಗದವನ್ನು ಷೆಡ್ಡಿಗೆ ಒಯ್ದು ಹೆಂಗಸರನ್ನೆಲ್ಲ ಕೂರಿಸಿ ಗಟ್ಟಿಯಾಗಿ ಓದಿದೆ. ನನ್ನನ್ನು ಊರೆಲ್ಲ ಬೈಬಲಮ್ಮ ಎನ್ನುತ್ತಾರೆ. ಎಷ್ಟೋ ವರ್ಷದಿಂದ ಎಷ್ಟೋ ಓದಿ ಹೇಳಿದ್ದೇನೆ. ಇಷ್ಟು ನಿಶ್ಶಬ್ದವಾಗಿ ಯಾರೂ ಕೇಳಿರಲಿಲ್ಲ. ಮುಗಿದಾಗ ಕೊಂಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಆ ಗಂಟಿನ ಮಾತು ಇನ್ನೊಂದು ಸಲ ಓದು ಎಂದಳು. ಓದಿದೆ. ಜಾನ್ ಪಾಷಾನ ತಾಯಿ ರಹಮತುನ್ನೀಸಾ ಬೀಡಿ ಕಟ್ಟುತ್ತಾ ಕೇಳುತ್ತಿದ್ದಳು. ಈ ಅಮ್ಮನಿಗೆ ಮಕ್ಕಳಿವೆಯೇ ಎಂದು ಕೇಳಿದಳು. ಇಲ್ಲವೆಂದೆ. ಗಂಡ ಎಂದಳು. ತೀರಿಕೊಂಡು ಎರಡು ವರ್ಷ, ಮೈದುನರಿದ್ದಾರೆ ಎಂದೆ. ಅವಳು ಹಲ್ಲಿನಿಂದ ದಾರ ಕಡಿದು ನನ್ನ ಕೈಯಲ್ಲಿದ್ದ ಕಾಗದವನ್ನೊಮ್ಮೆ ನೋಡಿದಳು.

ಮಿಸ್ಸಮ್ಮನಿಗೂ ಎಲ್ಲ ಹೇಳಿದೆ. ಅವರು ತಮ್ಮ ನಕ್ಷೆ ಬಿಚ್ಚಿ ಬಾಗಿಲುಗಳನ್ನು ಒಂದೊಂದಾಗಿ ನೋಡಿದರು. ಆದರೆ ಕೈಯಲ್ಲಿ ದುಡ್ಡಿಲ್ಲ, ಮರ ತುಟ್ಟಿ. ಮಾರ್ಚ್ ನಡುವೆ ಕಮಿಟಿ ಸೇರಿ ತೀರ್ಮಾನ ಮಾಡುತ್ತದೆ. ಗೊತ್ತಾದ ಮೇಲೂ ಕೈಲಾಗದೆ ಕೂರುವುದು ಗೊತ್ತಿಲ್ಲದೆ ಕೂರುವುದಕ್ಕಿಂತ ಕಷ್ಟ.

ನೀನು ಒಂದು ವಾರ ಬಂದುಹೋಗು. ನಿನ್ನನ್ನು ನೋಡಬೇಕೆಂದು ಷೆಡ್ಡಿನವರೆಲ್ಲ ಕೇಳುತ್ತಿದ್ದಾರೆ.

ಶಾಮಲಕ್ಕ

•

ಲಕ್ಕೂರು
೧೬ ಫೆಬ್ರವರಿ ೧೯೩೯

ಅಕ್ಕಾ,

ಆ ಕಾಗದವನ್ನು ಯಾಕೆ ಎಲ್ಲರ ಮುಂದೆ ಓದಿದೆ? ಅದು ನಿನಗೆ ಬರೆದದ್ದು. ಓದಬೇಕಾದರೆ ಹೊಸ್ತಿಲಿನ ಶಾಸ್ತ್ರ ಓದಿ, ನಮ್ಮ ಮನೆಯ ಮಾತು ಬಿಡಬಹುದಿತ್ತು.

ಈಗ ಬರಲಾಗುವುದಿಲ್ಲ. ಮೈದುನನ ಮಗುವಿಗೆ ಜ್ವರ. ಮನೆ ಬಿಟ್ಟು ಬರುವ ಹಾಗಿಲ್ಲ.

ರತ್ನ

•

ಕೋಲಾರ
೧೪ ಮಾರ್ಚ್ ೧೯೩೯

ರತ್ನಾ,

ಒಂದು ತಿಂಗಳು ಬರೆಯದಿದ್ದದ್ದು ಮುನಿಸಿನಿಂದ ಎಂದುಕೊಂಡಿದ್ದರೆ, ಮೊದಮೊದಲು ಸ್ವಲ್ಪ ಹೌದು. ಆಮೇಲೆ ಪುರುಸೊತ್ತಿರಲಿಲ್ಲ. ಈಗ ಬರೆಯಲು ಕೂತಿದ್ದೇನೆ. ನಾನು ಕಂಡದ್ದನ್ನು ಹೇಗೆ ಹೇಳಲಿ?

ಚಪ್ಪಡಿ ಎಬ್ಬಿಸಿಕೊಟ್ಟ ಕಲ್ಲುಕುಟಿಗ ದೊಡ್ಡನಾರಾಯಣಪ್ಪನ ಕಿವಿಗೆ ಹೊಸ್ತಿಲಿನ ಸುದ್ದಿ ಬಿತ್ತು. ಅವನು ಷೆಡ್ಡಿಗೆ ಬಂದು, ಮರಕ್ಕೆ ದುಡ್ಡು ಬೇಕು, ಬೆಟ್ಟ ದುಡ್ಡು ಕೇಳುವುದಿಲ್ಲ, ಆದರೆ ಬೆಂಕಿ ಕೇಳುತ್ತದೆ ಎಂದನಂತೆ. ಮಿಸ್ಸಮ್ಮ ಅಲ್ಲಿ ಇಲ್ಲಿ ಸಾಲ ತಂದಾದರೂ ಕೂಲಿ ಕೊಡುತ್ತೇನೆಂದರು. ಕೊಂಡಮ್ಮ ಬೇಡವೆಂದಳು. "ಗೋಡೆ ನೀವು ಕೊಟ್ರಿ, ಸೂರು ನೀವು ಕೊಟ್ರಿ, ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ. ಹೊಸ್ತಿಲು ಇಸ್ಕೊಳ್ಳೋದಲ್ಲ ತಾಯಿ. ಅದು ನಮ್ದೇ ಆಗಿರ್ಬೇಕು."

ಮರುದಿನ ಬೆಳಗಾಗುವ ಹೊತ್ತಿಗೆ ಷೆಡ್ಡು ಖಾಲಿ. ಬೆಟ್ಟದ ಹಿಂದಿನ ಬಂಡೆಗೆ ಎಲ್ಲರೂ ಹೊರಟಿದ್ದರು. ಮಿಸ್ಸಮ್ಮನೂ ನಾನೂ ಹಿಂದೆಯೇ ಓಡಿದೆವು. ಸೌದೆ ಮಾರುವ ಹೆಂಗಸರು ಅಂದು ಪೇಟೆಗೆ ಹೋಗಲಿಲ್ಲ. ಅವತ್ತಿನ ಅನ್ನವಾಗಬೇಕಾದ ಹೊರೆಯನ್ನು ತಂದು ಬಂಡೆಯ ಮೇಲೆ ಇಳಿಸಿದರು. ಒಬ್ಬರೂ ಹಿಂದೆಮುಂದೆ ನೋಡಲಿಲ್ಲ. ಕಾದ ಬಂಡೆ ತಾನೇ ಪದರವಾಗಿ ಬಿಟ್ಟುಕೊಳ್ಳಲೆಂದು ದೊಡ್ಡನಾರಾಯಣಪ್ಪ ಸಾಲಾಗಿ ಬೆಂಕಿ ಹೂಡಿಸಿ, ಅದನ್ನು ಅಂಗುಲ ಅಂಗುಲವಾಗಿ ಮುಂದಕ್ಕೆ ತಳ್ಳಿಸುತ್ತಾ ಹಿಂದೆ ಸುತ್ತಿಗೆ ಹಿಡಿದು ನಡೆದ. ಕಲ್ಲು ತಟ್ಟುತ್ತಾನೆ, ಕಿವಿ ಕೊಡುತ್ತಾನೆ, ತಲೆ ಅಲ್ಲಾಡಿಸುತ್ತಾನೆ. ಮತ್ತೆ ಬೆಂಕಿ. ಬಿಸಿಲೇರಿತು. ಮಾತು ನಿಂತಿತು. ಚಿಳ್ಳೆ ಪಿಳ್ಳೆಗಳೂ ಸದ್ದು ಮಾಡಲಿಲ್ಲ.

ಆಗ ಬಂಡೆಯ ಒಳಗಿನಿಂದ ಒಂದು ಶಬ್ದ ಬಂತು ರತ್ನಾ. ಗುಡುಗಲ್ಲ, ಅಷ್ಟು ದೊಡ್ಡದಲ್ಲ. ತುಂಬ ದೊಡ್ಡವರು ಯಾರೋ ನಿದ್ದೆಯಲ್ಲಿ ಮಗ್ಗುಲು ಬದಲಾಯಿಸಿದ ಹಾಗೆ. ನಿಂತ ನೆಲ ನನ್ನ ಅಂಗಾಲಿಗೆ ಮುಟ್ಟಿ ಹೇಳಿತು. ದೊಡ್ಡನಾರಾಯಣಪ್ಪ ಸುತ್ತಿಗೆ ಕೆಳಗಿಟ್ಟು ಕೈ ಮುಗಿದು, "ಎದ್ದಳು" ಎಂದ. ಜಾನ್ ಪಾಷಾ ಅಲ್ಲಾ ಎಂದ. ಮಿಸ್ಸಮ್ಮ ಟೋಪಿ ತೆಗೆದರು. ನನಗೆ ಬೈಬಲಿನ ಒಂದು ವಚನವೂ ನೆನಪಿಗೆ ಬರಲಿಲ್ಲ, ಸುಮ್ಮನೆ ಮಂಡಿಯೂರಿದೆ. ಎಷ್ಟೋ ಸಾವಿರ ವರ್ಷ ಒಂದಾಗಿ ಮಲಗಿದ್ದ ಕಲ್ಲು ಕೂದಲೆಳೆಯಷ್ಟು ಬಿರುಕು ಬಿಟ್ಟು, ತಲೆಹೊರೆ ಸೌದೆ ಮಾರುವವರಿಗಾಗಿ ಎದ್ದಿತ್ತು.

ಆ ಒಂದೇ ಹಾಸನ್ನು ಬೆಣೆ ಹೊಡೆದು ಉದ್ದುದ್ದ ಸೀಳಿದರು. ಗಾಡಿಯವರು ಹೇರಿಕೊಂಡು ತಂದರು. ನೀರು ಹೋಗಲು ಪ್ರತಿ ಹೊಸ್ತಿಲ ಮೂಲೆಗೂ ಒಂದು ಸಣ್ಣ ತೂಬು ಕೊರೆದರು, ಅದು ಮಿಸ್ಸಮ್ಮನ ಸಮಾಧಾನಕ್ಕೆ. ಹೋದ ಶುಕ್ರವಾರ ಎಲ್ಲ ಬಾಗಿಲಿಗೂ ಒಟ್ಟಿಗೆ ಕೂರಿಸಿದರು. ಕೊಂಡಮ್ಮ ಹೊಸ್ತಿಲ ಕೆಳಗೆ ನವಧಾನ್ಯ ಹಾಕಿದಳು. ರಹಮತುನ್ನೀಸಾ ಬಿಸ್ಮಿಲ್ಲಾ ಎಂದು ತನ್ನ ಮೂಗುಬೊಟ್ಟು ಬಿಚ್ಚಿ ಹಾಕಿದಳು. ಆಮೇಲೆ ಕೊಂಡಮ್ಮ ಬಲಗಾಲೆತ್ತಿದಳು. ಈ ಸಲ ಅವಳ ಕಾಲಿಗೆ ದಾಟಲು ಕಲ್ಲಿತ್ತು. ಒಳಗೆ ಹೋಗಿ, ತಿರುಗಿ ನಿಂತು, ಇಷ್ಟು ವರ್ಷ ನನ್ನನ್ನು ಅಮ್ಮಾ ಎನ್ನುತ್ತಿದ್ದವಳು ಯಜಮಾನಿಯ ಗತ್ತಿನಲ್ಲಿ "ಯಾಕೆ ಆಚೆ ನಿಂತಿದ್ದೀಯೇ ಮಗಳೇ, ಒಳೀಕೆ ಬಾ" ಎಂದಳು. ನಾನು ಹೋದೆ. ಅವರೆಲ್ಲ ಬಂದರು ಕಣೇ. ಸಾಲುಮನೆಯಲ್ಲಿ ಈಗ ಹೊಗೆಯಾಡುತ್ತಿದೆ. ಕಮಿಟಿಯವರು ಗೋದಾಮಿನ ಮಾತು ಬಿಟ್ಟರು.

ಈಗ ಉಳಿದ ಮಾತು. ಗಣಿಗೆ ಹೋದ ಸಂಸಾರ ಬರುವುದಿಲ್ಲವೆಂದು ಹೇಳಿಕಳಿಸಿದೆ. ಕೊನೆಯ ಮನೆ ಖಾಲಿ. ಅದಕ್ಕೂ ಹೊಸ್ತಿಲಿಟ್ಟರು. ಎಲ್ಲಕ್ಕಿಂತ ನುಣುಪಾಗಿ ಕುಟ್ಟಿದ್ದು ಅದನ್ನೇ, ಎಡಗಡೆ ಮಾತ್ರ ಹೆಬ್ಬೆರಳಿಗೆ ತಾಕುವಷ್ಟು ಒಂದು ಉಬ್ಬು ಬಿಟ್ಟಿದ್ದಾರೆ. ಯಾರಿಗೆ ಎಂದು ಕೇಳಿದೆ. ಕಾಗದ ಬರೆದ ಅಮ್ಮನಿಗೆ ಎಂದರು. ನಾನು ನಕ್ಕೆ. ಅವಳಿಗೇನು, ಲಕ್ಕೂರಿನಲ್ಲಿ ಮಾಳಿಗೆ ಮನೆಯಿದೆ ಎಂದೆ. ರಹಮತುನ್ನೀಸಾ ನನ್ನನ್ನು ಕನಿಕರದಿಂದ ನೋಡಿದಳು.

"ಮನೆ ಇರೋರು ಹೊಸ್ತಿಲನ್ನ ಇಷ್ಟು ನೆನೆಸ್ಕೊಳ್ಳಲ್ಲಮ್ಮಾ. ದಾಟ್ತಾರೆ, ಅಷ್ಟೇ. ನಾವು ಷೆಡ್ಡಲ್ಲಿ ಕೂತು ನಮ್ಮ ಹೊಸ್ತಿಲ ಬಗ್ಗೆ ಹಿಂಗೇ ಮಾತಾಡ್ಕೊತಿದ್ವಿ. ಆಯಮ್ಮಂಗೆ ಮನೆ ಇಲ್ಲ."

ರೂಮಿಗೆ ಬಂದು ನಿನ್ನ ಕಾಗದಗಳನ್ನೆಲ್ಲ ತೆಗೆದು ಓದಿದೆ. ಮೇಲೆ ಮಣ್ಣು ಮುಚ್ಚಿದ ಮಾಳಿಗೆ ಮನೆಗೆ, ನಕ್ಷತ್ರ ಕಾಣುವ ಹಂಚೆಲ್ಲಿಂದ ಬಂತು ರತ್ನಾ? ಹಂಚಿರುವುದು ಶಾಲೆಗೆ. ನಿನ್ನ ಜೊತೆ ಬೆಳೆದ ನನಗೆ ಕಾಣದ್ದು, ನಿನ್ನ ಮುಖವನ್ನೇ ನೋಡದವರಿಗೆ ಒಂದು ಸಲ ಕೇಳಿದ್ದಕ್ಕೇ ಕಂಡಿತು.

ಎಲ್ಲಿ ಮಲಗುತ್ತಿದ್ದೀಯೇ ತಂಗಿ?

ಶಾಮಲಕ್ಕ

•

ಲಕ್ಕೂರು
೧೮ ಮಾರ್ಚ್ ೧೯೩೯

ಅಕ್ಕಾ,

ಶಾಲೆಯಲ್ಲಿ. ಎರಡು ಬೆಂಚು ಜೋಡಿಸಿಕೊಂಡು. ಅತ್ತೆ ತೀರಿಕೊಂಡ ತಿಂಗಳಲ್ಲೇ ಮೈದುನರು ಮನೆ ಭಾಗ ಮಾಡಿಕೊಂಡರು. ಮಕ್ಕಳಿಲ್ಲದವಳಿಗೆ ಮನೆ ಯಾಕೆ, ಮಿಷನ್ನಿನವರು ನೋಡಿಕೊಳ್ಳುತ್ತಾರೆ ಎಂದರು. ಮಗುವಿಗೆ ಜ್ವರವೂ ಇರಲಿಲ್ಲ, ಸುಳ್ಳು ಹೇಳಿದೆ. ಬೋರ್ಡಿಂಗಿನಿಂದ ಮನೆಗೆ ಹೋದ ಮೊದಲ ಹುಡುಗಿ ಎಂದು ನೀವೆಲ್ಲ ಗೇಟಿನವರೆಗೆ ಬಂದು ಹಾಡಿ ಕಳಿಸಿದಿರಲ್ಲ, ಆ ಗೇಟಿನೊಳಗೆ ತಿರುಗಿ ಹೇಗೆ ಬರಲಿ ಅಕ್ಕಾ? ಮತ್ತೆ ಸಾಲು ಮಂಚದಲ್ಲಿ ಒಂದು ಮಂಚವಾಗುವುದಕ್ಕಿಂತ ಬೆಂಚೇ ವಾಸಿ ಎನಿಸಿತು.

ನಿನ್ನ ಕಾಗದ ಓದಿದ ಮೇಲೆ ಕಾಲಿನ ಹೆಬ್ಬೆರಳನ್ನೇ ನೋಡುತ್ತಾ ಕೂತಿದ್ದೆ. ಆ ಉಬ್ಬನ್ನು ಬಿಡಲು ಅವರಿಗೆ ಹೇಳಿಕೊಟ್ಟವರು ಯಾರು? ನಾನು ಕಳೆದುಕೊಂಡದ್ದನ್ನು ನಾನು ಮುಚ್ಚಿಟ್ಟೆ, ಅವರು ಕಲ್ಲಿನಲ್ಲಿ ಕೆತ್ತಿ ಇಟ್ಟಿದ್ದಾರೆ. ನಾನು ಬರದೇ ಇರಬಲ್ಲೆನೇ?

ಸೋಮವಾರ ಮಾಲೂರಿನಲ್ಲಿ ರೈಲು ಹತ್ತಿ, ಬೌರಿಂಗ್‌ಪೇಟೆಯಲ್ಲಿ ಸಣ್ಣ ರೈಲಿಗೆ ಬದಲಾಯಿಸಿ ಬರುತ್ತೇನೆ. ಮಾರನೆಯ ದಿನ ಯುಗಾದಿ. ಸಾಲುಮನೆಯ ಮಕ್ಕಳಿಗೆ ಅಕ್ಷರ ಕಲಿಸುತ್ತೇನೆಂದು ಮಿಸ್ಸಮ್ಮನಿಗೆ ಹೇಳು. ಸುಮ್ಮನೆ ಇರಲು ನನಗೂ ಆಗುವುದಿಲ್ಲ.

ಒಂದು ಮಾತು. ನೀನು ಮೊದಲೇ ಹೋಗಿ ಒಳಗೆ ಗುಡಿಸಿ ದೀಪ ಹಚ್ಚಿಡುವ ಬುದ್ಧಿ ಮಾಡಬೇಡ. ಅದು ನಿನ್ನ ಬುದ್ಧಿ ಎಂದು ಗೊತ್ತು, ಅದಕ್ಕೇ ಹೇಳುತ್ತಿದ್ದೇನೆ. ನಾನು ದಾಟುವವರೆಗೆ ಯಾರೂ ಒಳಗೆ ಹೋಗಕೂಡದು. ನೀನು ನಿನ್ನ ಕಬ್ಬಿಣದ ಪೆಟ್ಟಿಗೆ, ಹಾಸಿಗೆ ತೆಗೆದುಕೊಂಡು ಬಾಗಿಲಾಚೆ ನಿಂತಿರು. ಊರಿಗೆಲ್ಲ ಮನೆ ಕೊಡಿಸಿದವಳೇ, ಮನೆಯವರು ಅಂತ ಇದುವರೆಗೆ ನಿನ್ನನ್ನು ಯಾರೂ ಕರೆದಿಲ್ಲ.

ನಾನು ಒಳಗಿನಿಂದ ಕರೆಯುತ್ತೇನೆ. ಕರೆದಾಗ ಬಲಗಾಲು ಎತ್ತಿ ಬಾ. ಮೇಲೆ ನಿಲ್ಲಬೇಡ, ದಾಟಬೇಕು.

ರತ್ನ